ನಾನು ಬರೆದಿಟ್ಟ ಕರೆಂಟು

ಓದು ಬರಹ ಇಲ್ಲದವರು ಬರೆಯೋಕೆ ಹೋಗಬಾರದು. ಒಂದು ಸಲ ರುಚಿ ಹತ್ತಿದರೆ ಕೈ ನಿಲ್ಲೋದಿಲ್ಲ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನನಗೆ ಬರೆಯೋಕೆ ಬರುತ್ತಿದ್ದದ್ದು ನನ್ನ ಹೆಸರೊಂದೇ, ಅದೂ ನಿಧಾನಕ್ಕೆ. ಅಂಥವಳು ನಮ್ಮೂರು ಅಮೃತಹಳ್ಳಿ ಕರೆಂಟಿನ ಜಾತಕ ಬರೆಯೋಕೆ ಕೂತೆ.

ಗಂಡ ಸತ್ತ ಮೇಲೆ ಹಿಟ್ಟಿನ ಮಿಲ್ಲು ನನ್ನ ಪಾಲಿಗೆ ಬಂತು. ಅಳುತ್ತಾ ಕೂತರೆ ಬೆಲ್ಟು ತಿರುಗುತ್ತದೆಯೇ? ಓಡಿಸಿದೆ. ಹೆಂಗಸರು ರಾಗಿ ಡಬ್ಬಗಳನ್ನು ಸಾಲಿಗಿಟ್ಟು ಕೂರುವರು, ಕರೆಂಟು ಹೋಗುವುದು. ಕಲ್ಲಿನೊಳಗೆ ಅರ್ಧ ರಾಗಿ ಸಿಕ್ಕಿಕೊಂಡವಳು ನನ್ನನ್ನೇ ಬೈಯುವಳು. ಪಕ್ಕದೂರು ಕೆಂಪಾಪುರದ ಮಿಲ್ಲಿಗೆ ಬೇರೆ ಲೈನು, ಅಲ್ಲಿ ಇಷ್ಟು ಹೋಗುತ್ತಿರಲಿಲ್ಲ. ಒಬ್ಬೊಬ್ಬಳೇ ಅತ್ತ ನಡೆದರೆ ನಾನು ಬಾಗಿಲು ಹಾಕಬೇಕಿತ್ತು.

ಅದಕ್ಕೇ ಕರೆಂಟು ಹೋದಾಗಲೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದೆ. ಹೊತ್ತು ತಿಳಿಯಲಿ ಅಂತ ಪಕ್ಕದಲ್ಲಿ ಚಿತ್ರ: ಹಾಲಿನವನು ಬರೋ ಹೊತ್ತಿಗೆ ಚೊಂಬು, ಬಸ್ಸಿನ ಹೊತ್ತಿಗೆ ಬಸ್ಸು, ಇಸ್ಕೂಲು ಬಿಟ್ಟಾಗ ಗಂಟೆ. ಬಸ್ಸು ನೋಡಿ ನನ್ನ ಸೊಸೆ, "ಇದೇನತ್ತೆ, ಟ್ರಂಕಾ?" ಅಂದಳು. ಮೂರು ತಿಂಗಳಾದ ಮೇಲೆ ಕ್ಯಾಲೆಂಡರು ಸುತ್ತಿಕೊಂಡು ಕರೆಂಟ್ ಆಫೀಸಿಗೆ ಹೋದೆ. ಇಂಜಿನಿಯರು ಕನ್ನಡಕ ಏರಿಸಿ ಇಳಿಸಿ ನೋಡಿದ.

"ಅಲ್ಲಮ್ಮಾ, ಬರೀ ಹೋಗಿರೋದೇ ಇದೆ. ಬಂದಿದ್ದೆಲ್ಲಿ? ಬರದೇ ಇದ್ದಿದ್ದು ಇಷ್ಟು ಸಲ ಹೆಂಗೆ ಹೋಗತ್ತೆ?"

"ಬಂದಾಗ ಮಿಲ್ಲು ಓಡಿಸ್ಲೋ, ಗೀಟು ಎಳೀಲೋ?"

"ಎರಡೂ ಬರ್ಕೊಂಡು ಬನ್ನಿ. ಮೇಲಿನವರಿಗೆ ತೋರಿಸಿ ಲೈನ್ ಬದಲಾಯಿಸ್ತೀನಿ."

ಬರೆದೆ. ಕರೆಂಟು ಬಂದ ಕೂಡಲೇ ಸ್ವಿಚ್ಚು ಹಾಕೋದು ಬಿಟ್ಟು, ಕೈ ಒರೆಸಿಕೊಂಡು ಪೆನ್ಸಿಲ್ಲು ಹುಡುಕೋದೇ ಕೆಲಸವಾಯಿತು. ಒಂದು ದಿನ ಹಿಂದಿನ ಬೀದಿಯ ಜೈನಾಬಿ ಕೂಗಿಕೊಂಡಳು, "ಅಮ್ಮಾ, ಕರೆಂಟ್ ಬಂತು, ಮೊದ್ಲು ಮಿಲ್ ಹಾಕಿ!"

"ಇರೇ, ಬಸ್ಸು ಬರೀತಿದ್ದೀನಿ."

"ನಿಮ್ ಬಸ್ಸಿಗೆ ಚಕ್ರ ಬರೋ ಹೊತ್ಗೆ ನಾನ್ ಕೆಂಪಾಪುರ ಸೇರ್ತೀನಿ!"

ಡಬ್ಬ ಸೊಂಟಕ್ಕೇರಿಸಿ ನಡೆದೇಬಿಟ್ಟಳು. ಅವಳ ಹಿಂದೆ ಉಳಿದವರೂ ಎದ್ದರು. ನಾನು ಎರಡನೇ ಚಕ್ರ ಮುಗಿಸಿದೆ, ಕರೆಂಟು ಹೋಯಿತು. ಅದನ್ನೂ ಬರೆದೆ.

ಎರಡೂ ಬರೆದದ್ದನ್ನು ಒಯ್ದು ತೋರಿಸಿದೆ. ಇಂಜಿನಿಯರು ಮಾತಿಗೆ ತಪ್ಪಲಿಲ್ಲ, ಲೈನು ಬದಲಾಯಿತು. ಕರೆಂಟು ಬೆಳಗಿನಿಂದ ಸಂಜೆವರೆಗೆ ಅಲ್ಲಾಡದೆ ನಿಂತಿತು. ನಾನೂ ಖಾಲಿ ಮಿಲ್ಲಿನಲ್ಲಿ ಅಲ್ಲಾಡದೆ ಕೂತೆ. ಕೊನೆಗೆ ನಾಚಿಕೆ ಬಿಟ್ಟು ಜೈನಾಬಿ ಮನೆಗೇ ಹೋದೆ.

"ಬಾರೇ, ಈಗ ಕರೆಂಟು ಹೋಗಲ್ಲ."

"ಕರೆಂಟ್ ಸರಿ. ನೀವ್ ಬರೆಯೋದು ಬಿಟ್ರಾ?"

"ಬಿಟ್ಟೆ ಕಣೇ" ಅಂದೆ. ಅವಳು ನಂಬಿ ಡಬ್ಬ ಎತ್ತಿಕೊಂಡಳು. ನಾನು ಅವಳಿಗಿಂತ ಮುಂಚೆ ಏದುಸಿರು ಬಿಡುತ್ತಾ ಓಡಿಬಂದು ಕ್ಯಾಲೆಂಡರನ್ನು ಗೋಡೆ ಕಡೆ ತಿರುಗಿಸಿ ಹಾಕಿದೆ. ಇವತ್ತು ಕರೆಂಟು ಹೋಗಲಿಲ್ಲ ಅಂತ ಬೆಳಿಗ್ಗೆ ಎದ್ದ ಕೂಡಲೇ ಅದರಲ್ಲಿ ಸೊನ್ನೆ ಸುತ್ತಿಟ್ಟಿದ್ದೆ.