ಒಂದು ಫೋಲ್ಡರಿಗೆ ನಾಲ್ಕು ಹೆಸರು

ಒಂದು ವಸ್ತುವಿಗೆ ಒಂದು ಹೆಸರು ಸಾಕು ಎನ್ನುವವನು ನಾನು. ಮನೆಯಲ್ಲಿ ಮಗಳನ್ನು ಒಬ್ಬೊಬ್ಬರು ಒಂದೊಂದು ಮುದ್ದಿನ ಹೆಸರಿಂದ ಕರೆದರೂ ನನಗೆ ಒಳಗೊಳಗೇ ಕಿರಿಕಿರಿ. ಅಂಥವನ ಕೈಗೆ ಮಹಾದೇವಿಯವರು ಬರೆದ ಬಿಲ್ಡ್ ಸ್ಕ್ರಿಪ್ಟ್ ಸಿಕ್ಕಿತು. ಸುರಪುರದಲ್ಲಿ ನಮ್ಮದು ಎರಡು ಕೋಣೆಯ ಆಫೀಸು, ಅವರೂ ನಾನೂ ಇಬ್ಬರೇ. ಹತ್ತಿ ಮಿಲ್ಲುಗಳ ತೂಕದ ಕಾಟಾಕ್ಕೆ ಪ್ರೋಗ್ರಾಂ ಮಾಡಿಕೊಡುತ್ತೇವೆ. ಅದರ ತುಣುಕುಗಳನ್ನೆಲ್ಲ ಹೆಕ್ಕಿ ಒಂದು ಕಟ್ಟು ಮಾಡುವ ಆಜ್ಞೆಗಳ ಪಟ್ಟಿಯೇ ಈ ಸ್ಕ್ರಿಪ್ಟ್. ತುಣುಕುಗಳಿರುವ ಜಾಗ ಯಾವುದೆಂದು ನೋಡಿದರೆ, ರೂಟ್ ಅಂದರೆ ಬೇಸ್ ಎಂದಿತ್ತು. ಬೇಸ್ ಅಂದರೆ ಮೇನ್ ಅಂತೆ. ಮೇನ್ ಅಂದರೆ ನ್ಯೂ ಮೇನ್ ಅಂತೆ. ನ್ಯೂ ಮೇನ್ ಬೆನ್ನು ಹತ್ತಿ ಫೈಲಿನ ತಳಕ್ಕೆ ಹೋದರೆ ಸಿಕ್ಕಿದ್ದು ಹೋದ ವರ್ಷದ ಫೋಲ್ಡರ್. ಆ ಹಳೆಯ ಪ್ರೋಗ್ರಾಂ ಹಸಿ ಹತ್ತಿಗೆ ಬೇಕಾಬಿಟ್ಟಿ ತೂಕ ಕಡಿಯುತ್ತಿತ್ತು. ಅದನ್ನು ತಿದ್ದಿ ಬೇರೆ ಫೋಲ್ಡರಿಗೆ ಹಾಕಿ ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ದೇವಾಪುರದ ಕಡೆಯ ಮಿಲ್ಲಿನಲ್ಲಿ ಖರೀದಿ ಶುರು. ಹಳೆಯದೇ ಹೋಗಿದ್ದರೆ ರೈತರ ತೂಕ ಹೊಡೆದ ಪಾಪ ನಮ್ಮ ತಲೆಗೆ.

"ಇದೇನ್ರಿ, ಒಂದು ಫೋಲ್ಡರಿಗೆ ನಾಕು ಹೆಸರು?" ಎಂದೆ.

"ಎಲ್ಲಾರಿಗೂ ಗೊತ್ತಿದ್ದ ಹಳೇ ಹೆಸರಲ್ರಿ ಸರ. ತ್ರಾಸ ಆಗಬಾರ್ದಂತ ತಗದಿಲ್ರಿ," ಎಂದರು ಮಹಾದೇವಿ, ತಣ್ಣಗೆ.

ಆ ತಣ್ಣನೆಯ ಮಾತಿಗೇ ನನ್ನ ಪಿತ್ತ ನೆತ್ತಿಗೇರಿತು. ಹೆಸರು ಇರುವುದು ಜಾಗ ತೋರಿಸಲಿಕ್ಕೋ, ಮುಚ್ಚಿಡಲಿಕ್ಕೋ? ಈಗ ಇಲ್ಲದ್ದರ ಹೆಸರು ಹೇಳಿ ಇರುವುದನ್ನು ಹುಡುಕು ಅನ್ನುವುದು ಯಾವ ನ್ಯಾಯ? ಅರ್ಧ ತಾಸು ಭಾಷಣ ಬಿಗಿದು, ನಾಲ್ಕನ್ನೂ ಕಿತ್ತೆಸೆದು, ಮೊದಲ ಸಾಲಿನಲ್ಲೇ ಒಂದು ಹೆಸರು, ಅದರೆದುರು ಸರಿಯಾದ ಜಾಗ ಬರೆದೆ. ಕಟ್ಟು ಸರಿಯಾಗಿ ಬಂತು. ಪೆನ್ ಡ್ರೈವಿಗೆ ಹಾಕಿಟ್ಟೆ.

ಒಯ್ಯಲು ಬಂದ ಮಿಲ್ಲಿನ ಗುಮಾಸ್ತರು ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿ ದಾರಿ ಕೇಳಿದರು. ಹೇಳಿದೆ. ಹತ್ತು ನಿಮಿಷದ ದಾರಿ, ಎರಡು ತಾಸಾದರೂ ಆಸಾಮಿಯ ಪತ್ತೆಯಿಲ್ಲ. ಐದರ ಬಸ್ ತಪ್ಪಿದರೆ ಬೆಳಗಿನ ತೂಕ ಹಳೆಯ ಪ್ರೋಗ್ರಾಮಿನಲ್ಲೇ. ಜನರ ಬೇಜವಾಬ್ದಾರಿಯ ಮೇಲೆ ಎರಡನೆಯ ಭಾಷಣ ಶುರು ಮಾಡಿದ್ದೆ, ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು.

"ಹಳೇ ಟಾಕೀಸ್ ಅಂದ್ರಿ, ಅದು ಈಗ ಬಟ್ಟಿ ಅಂಗಡಿ. ಅದರ ಹಿಂದ ಬಾಬುಮಿಯಾನ ಹೋಟೆಲ್ ಅಂದ್ರಿ, ಅದು ಮುಚ್ಚಿ ಹತ್ತು ವರ್ಷಾತಂತ. ಅಲ್ಲಿ ಬೇವಿನ ಗಿಡ ಅಂದ್ರಿ, ಗಿಡಾ ಕಡದಾರ. ನಿಮ್ಮ ಆಫೀಸು ತಾಲೂಕಾ ಆಫೀಸಿನ ಎದುರಿಗೇ ಅದ ಅಲ್ರಿ ಸರ."

ಪೆನ್ ಡ್ರೈವ್ ಕಸಿದುಕೊಂಡು ಓಡಿದರು. ಬಸ್ ಸಿಕ್ಕಿತೆಂದು ಫೋನ್ ಬಂದ ಮೇಲೆಯೇ ನಾನು ಕುರ್ಚಿಯಲ್ಲಿ ಕೂತದ್ದು.

ಮಹಾದೇವಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಎಲ್ಲಾರಿಗೂ ಗೊತ್ತಿದ್ದ ಹಳೇ ಹೆಸರಲ್ರಿ ಸರ," ಎಂದರು. "ಇರ್ಲಿ ಬಿಡ್ರಿ."