ಪೆಡಲ್ ಸಾಲಿನಲ್ಲಿ ಕಳೆದುಹೋದ ನಾದ

ನನ್ನ ಗಿಟಾರಿನ ನಾದ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ ಅಂತ ನನ್ನಾಕೆಗೆ ಹೇಳಿದಾಗ, ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಕೂಡ ಎತ್ತದೆ, "ಹೋದ್ರೆ ಹೋಗ್ಲಿ ಬಿಡಿ, ಅದಕ್ಕಾದ್ರೂ ಬುದ್ಧಿ ಬಂತಲ್ಲ" ಅಂದಳು.

ನೀವೇ ಹೇಳಿ, ಕಟ್ಟಿಕೊಂಡವಳು ಆಡೋ ಮಾತೇ ಇದು? ಅವಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಹಗಲೆಲ್ಲ ಊರವರ ಬಾಯಿ ತೆರೆಸುವುದು, ಸಂಜೆ ಮನೆಗೆ ಬಂದು ನನ್ನ ಬಾಯಿ ಮುಚ್ಚಿಸುವುದು, ಇಷ್ಟೇ ಅವಳ ದಿನಚರಿ.

ನನ್ನ ಸಂಕಟ ಏನೆಂದು ನಿಮಗಾದರೂ ಹೇಳಿಕೊಳ್ಳುತ್ತೇನೆ. ಗಿಟಾರಿನಿಂದ ಹೊರಟ ಸ್ವರ ವೈರು ಹಿಡಿದು ಆಂಪ್ಲಿಫೈಯರ್ ತಲುಪಬೇಕು. ಮಧ್ಯೆ ನೆಲದ ಮೇಲೆ ನನ್ನ ಪೆಡಲುಗಳ ಸಾಲು. ಕಾಲಿನಿಂದ ಒತ್ತಿದರೆ ಒಂದು ಪೆಡಲು ಸ್ವರವನ್ನು ಕರಕಲು ಮಾಡುತ್ತದೆ, ಇನ್ನೊಂದು ಗುಹೆಯೊಳಗೆ ಕೂಗಿದ ಹಾಗೆ ಮಾರ್ದನಿಸುವಂತೆ ಮಾಡುತ್ತದೆ, ಮತ್ತೊಂದು ನೀರಿನಲ್ಲಿ ಬಿದ್ದ ನೆರಳಿನ ಹಾಗೆ ಅಲುಗಿಸುತ್ತದೆ. (ಕೊನೆಯದು ಏನು ಮಾಡುತ್ತದೆ ಅಂತ ನನಗೂ ಗೊತ್ತಿಲ್ಲ, ಬಣ್ಣ ಚೆನ್ನಾಗಿದೆ.) ಸಾಲು ಉದ್ದವಾದಷ್ಟೂ ಪಾಪ, ಆ ಸ್ವರ ನಡೆದೂ ನಡೆದೂ ಸುಸ್ತಾಗುತ್ತದೆ. ಮೊದಲು ಸಾಯುವುದು ಅದರ ಮಿನುಗು. ಕೊನೆಗೆ ಆಂಪ್ಲಿಫೈಯರಿನಿಂದ ಹೊರಬೀಳುವುದು ಕಂಬಳಿ ಹೊದ್ದು ಗೊಣಗುವ ಮುದುಕನ ಧ್ವನಿ.

ಇದನ್ನು ನಾನು ಸುಮ್ಮಸುಮ್ಮನೆ ತಲೆಗೆ ಹಚ್ಚಿಕೊಂಡಿರಲಿಲ್ಲ. ಗುಡುಗು ಸಾಯುತ್ತಿದ್ದ.

ಗುಡುಗು ಅಂದರೆ ನಮ್ಮ ತಂಡದ ಡ್ರಮ್ಮರ್. ಮೀಸೆ ಮೂಡುವ ಕಾಲದಿಂದಲೂ ಇಬ್ಬರದೂ ಒಂದೇ ವೇದಿಕೆ. ಆಸ್ಪತ್ರೆಯ ಮಂಚದ ಮೇಲಿಂದ, ಡ್ರಮ್ ಬಾರಿಸುವ ಕಡ್ಡಿಯಷ್ಟೇ ಸಣ್ಣಗಾಗಿದ್ದ ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, "ನಾನು ಹೋದ್ಮೇಲೆ ಜನ ಸೇರ್ತಾರಲ್ಲ, ಅಲ್ಲಿ ನೀನು ನುಡಿಸ್ಬೇಕು ಕಣೋ. ನಮ್ಮ ಆ ನಿಧಾನದ ಹಾಡು" ಅಂದ.

"ಈಗ ಯಾಕೋ ಆ ಮಾತೆಲ್ಲ?"

"ಮತ್ಯಾವಾಗ ಆಡ್ಲಿ, ಹೋದ್ಮೇಲಾ? ನಾದ ಮಾತ್ರ ಹಳೇದೇ ಇರ್ಲಿ. ಆ ಮಿನುಗು."

ಮಾತು ಕೊಟ್ಟೆ. ಮನೆಗೆ ಬಂದವನೇ 'ನಾದ ಸಂರಕ್ಷಣಾ ಮಹಾ ಅಭಿಯಾನ'ವನ್ನು ಘೋಷಿಸಿದೆ. ಪೆಡಲುಗಳ ನಡುವಿನ ಉದ್ದುದ್ದ ವೈರುಗಳನ್ನು ಕಿತ್ತು ಗೇಣುದ್ದದವು ಹಾಕಿದೆ. ಸಾಲಿನ ತಲೆಯ ಹತ್ತಿರ ಒಂದು, ಬಾಲದ ಹತ್ತಿರ ಒಂದು ಬಫರ್ ಕೂರಿಸಿದೆ. ಬಫರ್ ಅಂದರೆ, ದಣಿದ ಸ್ವರದ ಬೆನ್ನು ತಟ್ಟಿ "ನಡಿ ನಡಿ, ಇನ್ನೇನು ಬಂದೇಬಿಡ್ತು" ಅಂತ ಮುಂದೆ ತಳ್ಳುವ ಪುಟ್ಟ ಡಬ್ಬಿ. (ಮನೆಯಲ್ಲಿ ನನಗೆ ಅಂಥದ್ದೊಂದು ಸಿಕ್ಕಿಲ್ಲ.) ಸ್ವರ ಕರಕಲು ಮಾಡುವ ಆ ಹಳೇ ಫಜ್ ಪೆಡಲಿಗೆ ತನ್ನ ಮುಂದೆ ಬಫರ್ ಕೂತರೆ ಆಗದು, ಮುನಿಸಿಕೊಂಡು ಕೀರಲು ಸ್ವರ ತೆಗೆಯುತ್ತದೆ. ಅದನ್ನು, ಮುಂಗೋಪದ ಸೋದರಮಾವನನ್ನು ಮೊದಲ ಕುರ್ಚಿಯಲ್ಲಿ ಕೂರಿಸುವ ಹಾಗೆ, ಎಲ್ಲಕ್ಕಿಂತ ಮುಂದೆ ಇಟ್ಟೆ. ನಮ್ಮ ಹಾಲ್ ದಾಟಿ ಅಡುಗೆಮನೆಗೆ ಹೋಗಬೇಕಾದರೆ ನನ್ನಾಕೆ ಕೊಕ್ಕರೆಯ ಹಾಗೆ ಕಾಲೆತ್ತಿ ಕಾಲೆತ್ತಿ ಇಡಬೇಕಾಯಿತು.

ನುಡಿಸಿದೆ. ಮಂಕು. ಆಂಪ್ಲಿಫೈಯರಿನ ಟ್ರೆಬಲ್ ತಿರುಪನ್ನು, ಅಂದರೆ ಮಿನುಗಿನ ತಿರುಪನ್ನು, ಏರಿಸಿದೆ. ಆಗಲೂ ಮಂಕು. ಪೂರಾ ಏರಿಸಿದೆ.

"ರೀ, ನಿಲ್ಸಿ! ನಮ್ಮ ಡಾಕ್ಟ್ರು ಹಲ್ಲು ಕೊರೆಯೋ ಸದ್ದೇ ಇದಕ್ಕಿಂತ ವಾಸಿ. ಅಲ್ಲಿ ಕೊರೆಯೋಕೆ ಮುಂಚೆ ಮರಗಟ್ಟೋ ಇಂಜೆಕ್ಷನ್ನಾದ್ರೂ ಕೊಡ್ತಾರೆ."

"ಮಂಕಾಯ್ತು ಅಂತ ನಾನು ಅಳ್ತಿದೀನಿ, ಕೊರೆಯುತ್ತೆ ಅಂತೀಯಲ್ಲೇ!"

"ಆ ಡಬ್ಬಿಗಳನ್ನೆಲ್ಲ ಬಿಟ್ಟು ನೇರವಾಗಿ ಸಿಕ್ಕಿಸಿ ನೋಡಿ."

ಸಿಕ್ಕಿಸಿದೆ. ಗಿಟಾರು, ಒಂದು ವೈರು, ಆಂಪ್ಲಿಫೈಯರು, ಅಷ್ಟೇ. ಅದೇ ಮಂಕು.

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಮಧ್ಯೆ ಏನೂ ಇಲ್ದಿದ್ರೂ ಹಾಗೇ ಇದೆ ಅಂದ್ರೆ, ತಪ್ಪು ಯಾರದ್ದು?"

ನಾನು ಆಳವಾಗಿ ಯೋಚಿಸಿ ಹೇಳಿದೆ: "ಪರದೆಗಳದ್ದು."

ಬಟ್ಟೆ ಮಿನುಗನ್ನು ಹೀರುತ್ತದೆ, ಇದು ಶುದ್ಧ ವಿಜ್ಞಾನ. ಕಿಟಕಿ ಪರದೆಗಳನ್ನೆಲ್ಲ ಕಳಚಿದೆ. ನಾವು ಏನು ತಿನ್ನುತ್ತೇವೆ, ಎಷ್ಟು ತಿನ್ನುತ್ತೇವೆ ಎಂಬುದು ಎದುರು ಮನೆಯವರಿಗೆಲ್ಲ ಬಾಯಿಪಾಠವಾಯಿತು. ನಾದ ಕಡಿಮೆಯಾದಷ್ಟೂ ಮನೆಯಲ್ಲಿ ವಾದ ಹೆಚ್ಚಾಯಿತು. ಕೊನೆಗೆ ನನ್ನಾಕೆ ದವಾಖಾನೆಯಿಂದ, ರೋಗಿಗಳ ದವಡೆಗೆ ಇಡುವ ಹತ್ತಿಯ ಉಂಡೆಗಳನ್ನು ತಂದು ಕಿವಿಗೆ ತುರುಕಿಕೊಂಡು ಓಡಾಡತೊಡಗಿದಳು.

ಒಂದು ಸಂಜೆ ಫೋನ್ ಬಂತು. ಅವಳೇ ಹತ್ತಿ ತೆಗೆದು ಮಾತಾಡಿದಳು. ಆಮೇಲೆ ಬಂದು, ವೈರುಗಳ ನಡುವೆಯೇ, ನನ್ನ ಪಕ್ಕ ನೆಲದ ಮೇಲೆ ಕೂತಳು. ಗುಡುಗು ಹೋಗಿದ್ದ. ಅಂದು ಮನೆಯಲ್ಲಿ ನಾದವೂ ಇರಲಿಲ್ಲ, ವಾದವೂ ಇರಲಿಲ್ಲ.

ಸಂತಾಪ ಸಭೆಗೆ ಹೊರಟಾಗ ಅವಳು ಕೇಳಿದ್ದು ಒಂದೇ: "ಟ್ರೆಬಲ್ ಸ್ವಲ್ಪ ಇಳಿಸ್ತೀರಾ?" ಕೊಟ್ಟ ಮಾತಿಗೆ ತಪ್ಪುವ ಆಸಾಮಿಯೇ ನಾನು? ಬಾಡಿಗೆ ಸಭಾಂಗಣ, ಮಡಚುವ ಕುರ್ಚಿಗಳು, ಮೇಜಿನ ಮೇಲೆ ಅವನ ನಗುವ ಫೋಟೊ. ಮೊದಲ ಸಾಲಿನಲ್ಲಿ ಅವನ ಹೆಂಡತಿ, ನಮಗೆಲ್ಲ ಅತ್ತಿಗೆ. ನಾನು ಕಣ್ಣು ಮುಚ್ಚಿ ನುಡಿಸಲು ಶುರುಮಾಡಿದೆ. ಅರ್ಧಕ್ಕೆ ಕಣ್ಣು ಬಿಟ್ಟು ನೋಡುತ್ತೇನೆ, ಜನ ಎರಡೂ ಕೈಗಳಲ್ಲಿ ತಲೆ ಹಿಡಿದುಕೊಂಡಿದ್ದಾರೆ! ಒಬ್ಬಾತ ಬಾಗಿಲ ಕಡೆ ಓಡುತ್ತಿದ್ದಾನೆ, ದುಃಖ ತಡೆಯಲಾರದೆ. ಗುಡುಗು, ನೋಡೋ, ಅಂದುಕೊಂಡು, ಮಿನುಗು ಹೆಚ್ಚಿಸುವ ಪೆಡಲನ್ನೂ ಒತ್ತಿದೆ. ಅತ್ತಿಗೆ ಎದ್ದು ಬಂದು ನನ್ನ ಕೈ ಹಿಡಿದು, "ಸಾಕಪ್ಪಾ, ಸಾಕು" ಅಂದರು. ಕಣ್ಣಲ್ಲಿ ನೀರಿತ್ತು.

"ನೋಡಿದ್ಯಾ, ಸಭೆಗೆ ಸಭೆಯೇ ಅತ್ತುಬಿಡ್ತು" ಅಂದೆ, ವಾಪಸ್ ಕಾರು ಓಡಿಸುತ್ತಾ.

"ಅವ್ರು ಅತ್ತಿದ್ದಲ್ಲ. ಕಿವಿ ಮುಚ್ಕೊಂಡಿದ್ದು."

ಸ್ವಲ್ಪ ದೂರ ಹೋದ ಮೇಲೆ ಅವಳೇ ಕೇಳಿದಳು, "ಇಂಡಿಕೇಟರ್ ಆಗಿನಿಂದ ಟಿಕ್ ಟಿಕ್ ಅಂತಿದೆ. ಕೇಳಿಸ್ತಿದ್ಯಾ?"

"ಯಾವ ಟಿಕ್ ಟಿಕ್?"

ಅವಳು ಬೈಯಲಿಲ್ಲ. ಕೈ ಚಾಚಿ ಅದನ್ನು ಆರಿಸಿದಳು, ಅಷ್ಟೇ. ಅವಳು ಬೈಯದೇ ಇದ್ದಾಗ ನನಗೆ ನಿಜವಾಗಿ ಭಯವಾಯಿತು.

ಕಿವಿ ಪರೀಕ್ಷೆ ಮಾಡುವ ಹೆಂಗಸು ನನ್ನನ್ನು ಗಾಜಿನ ಗೂಡಿನೊಳಗೆ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿಸಿದಾಗೆಲ್ಲ ಒತ್ತಿ" ಅಂದರು. ಮೊದಮೊದಲು ಗುಂಯ್ ಗುಂಯ್ ಅಂದಿತು, ಒತ್ತಿದೆ. ಆಮೇಲೆ ಸುಮ್ಮನಾಯಿತು. ಯಂತ್ರ ಕೆಟ್ಟಿರಬೇಕು ಅಂತ ಕಾದೆ. ಕಾಲು ಜೋಮು ಹಿಡಿಯಿತು. ಬಾಗಿಲು ತೆಗೆದು, "ಮೇಡಂ, ಮುಂದಿನದು ಯಾವಾಗ ಶುರು ಮಾಡ್ತೀರಿ?" ಅಂದೆ.

"ಮುಗೀತಲ್ಲ" ಅಂದರು ಅವರು, ಮೆತ್ತಗೆ. (ನನಗೆ ಕೇಳಿಸಲಿಲ್ಲ. ನನ್ನಾಕೆ ಜೋರಾಗಿ ಇನ್ನೊಮ್ಮೆ ಹೇಳಿದಳು.)

ಅಂದರೆ ನನ್ನ ವೈರು ಸರಿಯಾಗಿತ್ತು, ಬಫರ್ ಸರಿಯಾಗಿತ್ತು, ಪಾಪ ಪರದೆಗಳೂ ನಿರಪರಾಧಿಗಳು. ನಾದ ಇಡೀ ಸಾಲು ದಾಟಿ ಕ್ಷೇಮವಾಗಿ ಬಂದು, ನನ್ನ ಕಿವಿಯ ಹೊಸ್ತಿಲಲ್ಲಿ ಸಾಯುತ್ತಿತ್ತು.

"ಎಡಗಿವಿ ಹೆಚ್ಚು ಹೋಗಿದೆ" ಅಂದರು ಆಕೆ. "ನುಡಿಸೋವಾಗ ನಿಮ್ಮ ಎಡಗಡೆ ಏನಿರ್ತಿತ್ತು?"

"ಗುಡುಗು."

"ಗುಡುಗಾ?"

"ನಮ್ಮ ಡ್ರಮ್ಮರು. ಅವನ ಸಿಂಬಲ್ಲು, ಆ ದೊಡ್ಡ ಹಿತ್ತಾಳೆ ತಟ್ಟೆ, ನನ್ನ ಕಿವಿ ಪಕ್ಕಾನೇ."

"ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ" ಅಂದು, ಕಿವಿಗೆ ಹಾಕುವ ಯಂತ್ರ ಬರೆದುಕೊಟ್ಟರು.

ನನಗೆ ಗುಡುಗಿನ ಮೇಲೆ ಕೆಂಡದಂಥ ಕೋಪ. ಮಿನುಗು ಬೇಕು ಅಂತ ಪ್ರಾಣ ತಿಂದವನೇ ಅದನ್ನು ನನ್ನ ಕಿವಿಯಿಂದ ದೋಚಿಕೊಂಡು ಹೋಗಿದ್ದಾನೆ! ಆದರೆ ಸತ್ತವರ ಜೊತೆ ಜಗಳ ಆಡಿ ನೋಡಿದ್ದೀರಾ? ಏನು ಬೈದರೂ ತಿರುಗಿ ಬೈಯುವುದಿಲ್ಲ. ಪಾತ್ರೆ ತೊಳೆಯುತ್ತಾ ಬೈದೆ, ಪರದೆ ಮತ್ತೆ ಕಟ್ಟುತ್ತಾ ಬೈದೆ. ಕಡೆಗೆ ಒಬ್ಬನೇ ಅತ್ತೆ.

"ಅತ್ತಿಗೆ ಮನೆಗೆ ಹೋಗೋಣ ನಡೀರಿ" ಅಂದಳು ನನ್ನಾಕೆ. "ಅಲ್ಲಿ ನುಡಿಸಿ. ತಿರುಪು ನಾನು ತಿರುಗಿಸ್ತೀನಿ."

ಪೆಡಲು ಒಂದನ್ನೂ ಒಯ್ಯಲಿಲ್ಲ. ಅತ್ತಿಗೆಯ ಹಾಲಿನಲ್ಲಿ, ಕಿವಿಗೆ ಹೊಸ ಯಂತ್ರ ಸಿಕ್ಕಿಸಿಕೊಂಡು ಕೂತೆ. ನನ್ನಾಕೆ ಮಂಡಿಯೂರಿ ಕೂತು, ಒಂದು ಕಿವಿ ಆಂಪ್ಲಿಫೈಯರ್ ಕಡೆ ಕೊಟ್ಟು, ತಿರುಪನ್ನು ಇಳಿಸಿ, ಇನ್ನೂ ಇಳಿಸಿ, ಕೂದಲೆಳೆಯಷ್ಟು ಏರಿಸಿ, "ಇದೇ. ಮದುವೆಗೆ ಮುಂಚೆ ನಾನು ಕೇಳಿದ್ದು ಇದೇ" ಅಂದಳು. ನನಗೆ ಗೊತ್ತಾಗಲಿಲ್ಲ, ಅವಳ ಕಿವಿಯನ್ನು ನಂಬಿ ನುಡಿಸಿದೆ. ಅತ್ತಿಗೆ ಈ ಸಲ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ಮುಗಿದ ಮೇಲೆ ನಾನು ಸಿಂಬಲ್ಲಿನ ವಿಷಯ ಬಾಯಿಬಿಟ್ಟೆ. "ಅಲ್ಲ ಅತ್ತಿಗೆ, ಅಷ್ಟು ದೊಡ್ಡ ವೇದಿಕೆಯಲ್ಲಿ ಅವನಿಗೆ ನನ್ನ ಕಿವಿ ಪಕ್ಕಾನೇ ಜಾಗ ಸಿಕ್ತಾ?"

ಅತ್ತಿಗೆ ಸ್ವಲ್ಪ ಹಿಂಜರಿದರು. "ಹೇಳಿದ್ರೆ ಬೇಜಾರು ಮಾಡ್ಕೋಬಾರ್ದು. ಅವರು ಬೇಕಂತಾನೇ ಅಲ್ಲಿಡ್ತಿದ್ರು. 'ನನ್ನ ಗೆಳೆಯಂದು ಬೆರಳು ಬಂಗಾರ, ತಾಳ ಮಾತ್ರ ತಗಡು. ಯಾವಾಗ್ಲೂ ಅರ್ಧ ಹೆಜ್ಜೆ ಹಿಂದೆ. ಕಿವಿಗೇ ಬಾರಿಸದಿದ್ರೆ, ಜನ ಎದ್ದು ಮನೆಗೆ ಹೋದ್ಮೇಲೂ ಇವನು ಹಾಡು ಮುಗಿಸ್ತಾ ಇರ್ತಾನೆ' ಅನ್ನೋರು."

ನಾನು ನನ್ನಾಕೆಯ ಕಡೆ ತಿರುಗಿದೆ. ಅವಳು ಗೋಡೆ ನೋಡುತ್ತಿದ್ದಳು. ಭುಜ ಕುಲುಕುತ್ತಿತ್ತು. "ಇವತ್ತೂ ಹಿಂದೇನೇ ಇದ್ರಿ ರೀ" ಅಂದಳು, ಕಟ್ಟಿಹಿಡಿದಿದ್ದ ನಗು ಒಡೆಯಿತು. ಅದು ಅತ್ತಿಗೆಗೂ ಅಂಟಿತು. ಗಂಡ ಹೋದ ಮೇಲೆ ಆಕೆ ನಕ್ಕಿದ್ದು ಅದೇ ಮೊದಲು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಉಸಿರು ಸಿಕ್ಕಿಕೊಂಡು, ಮತ್ತೆ ನಕ್ಕರು. ಇಬ್ಬರ ನಗುವೂ ಯಂತ್ರದೊಳಗೆ ಗರಿಗರಿಯಾಗಿ, ಒಂದು ಚೂರೂ ಸೋರದೆ ಕೇಳಿಸಿತು.

ಕೊನೆಗೆ ನನಗೂ ನಗು ಬಂತು. ಆದರೆ ಅಷ್ಟು ಹೊತ್ತಿಗೆ ಅವರಿಬ್ಬರೂ ನಕ್ಕು ಮುಗಿಸಿ, ಇವನೊಬ್ಬನೇ ಯಾಕೆ ನಗುತ್ತಿದ್ದಾನೆ ಅಂತ ನನ್ನನ್ನೇ ನೋಡುತ್ತಿದ್ದರು.