ತಾವೇ ಮಾಡಿದ ಸಾಹುಕಾರನಿಂದ ತೆರಿಗೆ ಯಂತ್ರಕ್ಕೆ

ಹ್ಯಾಲಿಫ್ಯಾಕ್ಸ್, ಯಾರ್ಕ್‌ಶೈರ್
ನವೆಂಬರಿನ ಒಂದು ಒದ್ದೆ ಮಂಗಳವಾರ

ತೆರಿಗೆ ಕಚೇರಿಯಲ್ಲಿ ಹಗಲಿರುಳೆನ್ನದೆ ಲೆಕ್ಕ ಹಾಕುತ್ತಿರುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ನನ್ನ ಅನಂತ ನಮಸ್ಕಾರಗಳು. ತಮಗೆ ನೆಗಡಿ, ಮಂಡಿನೋವು, ಸೊಂಟನೋವು ಯಾವುದೂ ಬರುವುದಿಲ್ಲವೆಂದು ಕೇಳಿ ಬಹಳ ಸಂತೋಷವಾಯಿತು. ನಮ್ಮ ಮನೆಯಲ್ಲಿ ಇವೆಲ್ಲ ಧಾರಾಳವಾಗಿರುವುದರಿಂದಲೇ ಈ ಪತ್ರ ಬರೆಯಬೇಕಾಗಿದೆ.

ನಾನು ಟ್ರೆವರ್ ಓಲ್ಡ್‌ರಾಯ್ಡ್, ಬಸ್ ಡಿಪೋದಲ್ಲಿ ಜೀವಮಾನವಿಡೀ ಬ್ರೇಕು ರಿಪೇರಿ ಮಾಡಿ ನಿವೃತ್ತನಾದವನು. ನನ್ನ ಹೆಂಡತಿ ಗ್ಲೆನಿಸ್‌ಳ ಸೊಂಟ ಕೈಕೊಟ್ಟಿದೆ. ನಮ್ಮ ಮನೆಯ ಮಲಗುವ ಕೋಣೆಯೂ ಬಚ್ಚಲೂ ಮಹಡಿಯ ಮೇಲಿದ್ದು, ಮೆಟ್ಟಿಲು ಹತ್ತಲಾರದೆ ಅವಳು ಈಸ್ಟರ್ ಹಬ್ಬದಿಂದ ಕೆಳಗಿನ ಸೋಫಾದ ಮೇಲೆ ಮಲಗುತ್ತಾಳೆ; ಆ ಸೋಫಾದಲ್ಲಿ ಇಬ್ಬರಿಗೆ ಜಾಗವಿಲ್ಲದ್ದರಿಂದ ನಾನು ಮೇಲೆ ಮಲಗುತ್ತೇನೆ. ಮದುವೆಯಾದಂದಿನಿಂದ ನಾವು ಹೀಗೆ ಬೇರೆ ಬೇರೆ ಮಲಗಿದ್ದು ಇದೇ ಮೊದಲು, ಮತ್ತು ನನಗದು ಸ್ವಲ್ಪವೂ ಸೇರುವುದಿಲ್ಲ. ಮೆಟ್ಟಿಲಿನುದ್ದಕ್ಕೂ ಒಂದು ಹಳಿ ಹಾಕಿ, ಅದರ ಮೇಲೆ ಕೂತವರನ್ನು ಮೇಲೊಯ್ಯುವ ಕುರ್ಚಿ ಕೂರಿಸಿ, ಬಚ್ಚಲನ್ನೂ ಸರಿಪಡಿಸಿಕೊಡಲು ಬ್ಯಾರಿ ಸಗ್ಡೆನ್ ಎಂಬ ಗುತ್ತಿಗೆದಾರ ಹತ್ತು ಸಾವಿರ ಪೌಂಡು ಕೇಳಿದ.

ಕೂಡಿಟ್ಟ ಪಿಂಚಣಿ ನಿಧಿಯಿಂದ ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳಿರೆಂದು ಸರ್ಕಾರವೇ ಹೇಳಿರುವಾಗ ಭಯವೇನೆಂದು ನಾನು ಒಮ್ಮೆಗೇ ಹನ್ನೆರಡು ಸಾವಿರ ತೆಗೆದೆ. ಸರ್ಕಾರಿ ಪಿಂಚಣಿಯ ಒಂಬತ್ತು ಸಾವಿರವನ್ನೂ ಸೇರಿಸಿ, ಅಡಿಗೆಮನೆಯ ಮೇಜಿನ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿದಾಗ, ವರ್ಷಕ್ಕೆ ಸುಮಾರು ಸಾವಿರದ ಏಳುನೂರು ತೆರಿಗೆ ಎಂದು ಬಂತು. ಬ್ಯಾರಿಗೆ ಕೊಟ್ಟು, ಉಳಿದದ್ದರಲ್ಲಿ ಇಬ್ಬರೂ ಮೀನು, ಆಲೂಗಡ್ಡೆ ಕರಿದದ್ದು ತಿಂದು ಬರಬಹುದೆಂದುಕೊಂಡೆವು.

ಆದರೆ ತಮ್ಮ ದೂರದೃಷ್ಟಿಯ ಮುಂದೆ ನನ್ನ ಪೆನ್ಸಿಲು ಯಾವ ಲೆಕ್ಕ? ಈ ತಿಂಗಳು ಹನ್ನೆರಡು ಸಾವಿರ ತೆಗೆದವನು ಪ್ರತಿ ತಿಂಗಳೂ ಹನ್ನೆರಡು ಸಾವಿರ ತೆಗೆಯುತ್ತಾನೆಂದು ತಾವು ತೀರ್ಮಾನಿಸಿ, ನನ್ನನ್ನು ವರ್ಷಕ್ಕೆ ಒಂದು ಲಕ್ಷ ನಲವತ್ತನಾಲ್ಕು ಸಾವಿರ ಪೌಂಡಿನ ಸಾಹುಕಾರನನ್ನಾಗಿ ಮಾಡಿ, 'ತುರ್ತು ತೆರಿಗೆ' ಎಂಬ ಹೆಸರಿನಲ್ಲಿ ಸುಮಾರು ಮೂರು ಸಾವಿರದ ಎಂಟುನೂರು ಹಿಡಿದುಕೊಂಡಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ. ಹುಟ್ಟದ ಹನ್ನೊಂದು ಕೂಸುಗಳ ಲೆಕ್ಕದಲ್ಲಿ ಸುಂಕ ಎತ್ತಿದವರನ್ನು ಮಾತ್ರ ತಮ್ಮಲ್ಲೇ ಮೊದಲು ಕಂಡೆ. ತಮ್ಮ ಈ ತರ್ಕದಂತೆ ನಾನು ಮದುವೆಯಾದ ವರ್ಷ ಹನ್ನೆರಡು ಮದುವೆಯಾಗಿರಬೇಕು. ಇದನ್ನು ಹೇಳಿದಾಗ ಗ್ಲೆನಿಸ್, "ಅದೇ ಒಂದು ಸಾಕಾಗಿ ಹೋಗಿದೆ ನಂಗೆ," ಎಂದಳು.

ಡಿಪೋದ ಹಳೆಯ ಗೆಳೆಯರು ನೆರೆಯುವ ಕ್ಲಬ್ಬಿನಲ್ಲಿ ತಮ್ಮ ದಯೆಯಿಂದ ನನ್ನ ಮರ್ಯಾದೆ ಏರಿದೆ. ನಾನು ಬಾಗಿಲು ದಾಟಿದ ಕೂಡಲೇ ಕ್ಲೈವ್ ಎದ್ದು ನಿಂತು, "ಬನ್ನಿ ಸಾಹುಕಾರ್ರೇ, ಇವತ್ತಿನ ಬಿಯರೆಲ್ಲ ನಿಮ್ ಲೆಕ್ಕ ಅಲ್ವಾ?" ಎನ್ನುತ್ತಾನೆ. ಆಮೇಲೆ ದನಿ ತಗ್ಗಿಸಿ, "ಮೊದ್ಲು ನೂರು ಪೌಂಡ್ ತೆಗೀಬೇಕಿತ್ತು ಕಣೋ. ಆ ಯಂತ್ರ ನಿನ್ನ ಗುರುತು ಹಿಡಿದ ಮೇಲೆ ದೊಡ್ಡದಕ್ಕೆ ಕೈ ಹಾಕ್ಬೇಕು. ಊರಿಗೆಲ್ಲ ಗೊತ್ತಿರೋ ವಿಷ್ಯ," ಎಂದು ಬುದ್ಧಿ ಹೇಳುತ್ತಾನೆ. ಊರಿಗೆಲ್ಲ ಗೊತ್ತಿದ್ದ ವಿಷಯವನ್ನು ತಾವಾಗಲಿ, ನನ್ನ ನಿಧಿಯವರಾಗಲಿ ಮೊದಲೇ ನನಗೆ ಹೇಳದಿದ್ದದ್ದು ತಮ್ಮೆಲ್ಲರ ವಿನಯವನ್ನು ತೋರಿಸುತ್ತದೆ.

ಬ್ಯಾರಿ ಬಚ್ಚಲನ್ನು ಮುಗಿಸಿದ, ಹಳಿಯನ್ನೂ ಹಾಕಿದ. ಅಷ್ಟರಲ್ಲಿ ಹಣ ಮುಗಿಯಿತು. "ತಪ್ಪು ತಿಳ್ಕೋಬೇಡಿ ಟ್ರೆವರ್, ಕುರ್ಚಿ ನನ್ನ ಅಂಗಡೀಲೇ ಇದೆ. ಬಾಕಿ ಬಂದ ದಿನವೇ ತಂದು ಕೂರಿಸ್ತೀನಿ," ಎಂದು ಹೇಳಿ ಹೋದ. ಹೀಗಾಗಿ ನಮ್ಮ ಮನೆಯಲ್ಲೀಗ ಹೊಳೆಯುವ ಹಳಿಯೊಂದು ಕೆಳಗಿನಿಂದ ಹೊರಟು, ತಿರುವಿನಲ್ಲಿ ಸೊಗಸಾಗಿ ಬಳುಕಿ, ಯಾರನ್ನೂ ಹೊತ್ತುಕೊಳ್ಳದೆ ಮೇಲಕ್ಕೆ ಹೋಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ತಮ್ಮ ಕಚೇರಿಗೆ ನಾನು ಫೋನು ಮಾಡಿದ್ದುಂಟು. ಬಹಳ ಹೊತ್ತು ಸಂಗೀತ ಕೇಳಿಸಲಾಯಿತು. ಕಾಯಿಸಿದ್ದಕ್ಕೆ ಕ್ಷಮಿಸಿ ಎಂದು ಧ್ವನಿಮುದ್ರಿಕೆ ಹೇಳಿದಾಗಲೆಲ್ಲ ನಾನು "ಪರವಾಗಿಲ್ಲ, ಪರವಾಗಿಲ್ಲ" ಎಂದು ಅದಕ್ಕೆ ಸಮಾಧಾನ ಹೇಳಿದೆ. ಕೊನೆಗೆ ಒಬ್ಬ ಹುಡುಗಿ ಬಂದಳು. ಎರಡು ಸಾವಿರಕ್ಕಿಂತ ಹೆಚ್ಚು ನನಗೆ ವಾಪಸು ಬರಬೇಕೆಂದು ಅವಳೇ ಒಪ್ಪಿಕೊಂಡು, "ತುರ್ತಾಗಿ ಬೇಕಿತ್ತಾ ಸರ್?" ಎಂದು ಕೇಳಿದಳು. ಸೋಫಾದಿಂದ ಗ್ಲೆನಿಸ್ ಕೈಸನ್ನೆ ಮಾಡುತ್ತ, "ಗಲಾಟೆ ಮಾಡ್ಬೇಡ ಟ್ರೆವರ್, ಪಾಪ ಆ ಹುಡುಗಿ ಏನ್ಮಾಡ್ತಾಳೆ," ಎಂದು ಪಿಸುಗುಟ್ಟಿದಳು. ನಾನು, ನಮ್ಮಪ್ಪ ಕಲಿಸಿದಂತೆ, "ಅಯ್ಯೋ, ಹಾಗೇನಿಲ್ಲಮ್ಮ, ನಿಮಗೆ ಬಿಡುವಾದಾಗ ನೋಡಿ. ತೊಂದ್ರೆ ಕೊಟ್ಟೆ, ಕ್ಷಮಿಸಿ," ಎಂದು ಫೋನಿಟ್ಟೆ. ಕಸಿದುಕೊಂಡ ತೆರಿಗೆ ತುರ್ತಿನದು, ಮರಳಿಸುವುದು ಬಿಡುವಾದಾಗ; ಇದಕ್ಕೆ ನನ್ನದೇ ಬಾಯಿಯ ಒಪ್ಪಿಗೆ ತಮ್ಮ ದಾಖಲೆಯಲ್ಲಿದೆ.

ಆದರೂ ಹಳಿ ಪೂರ್ತಿ ವ್ಯರ್ಥವಾಗಿಲ್ಲವೆಂದು ತಿಳಿಸಲು ಹೆಮ್ಮೆಪಡುತ್ತೇನೆ. ಮಲಗುವ ಮುನ್ನ ಗ್ಲೆನಿಸ್ ಕೆಳಗಿನಿಂದ ಊರುಗೋಲಿನಲ್ಲಿ ಅದನ್ನು ಎರಡು ಸಲ ಮೆಲ್ಲಗೆ ತಟ್ಟುತ್ತಾಳೆ, ನಾನು ಮೇಲಿನಿಂದ ಚಮಚದಲ್ಲಿ ಎರಡು ಸಲ ತಟ್ಟುತ್ತೇನೆ. ಒಂದೇ ಹಾಸಿಗೆಯಲ್ಲಿ ಹೇಳಿಕೊಳ್ಳುತ್ತಿದ್ದ ಶುಭರಾತ್ರಿಯನ್ನು ಈಗ ಹೀಗೆ ಹೇಳಿಕೊಳ್ಳುತ್ತೇವೆ.

ಇನ್ನು ನನ್ನ ಚಿಕ್ಕ ಬಿನ್ನಹ. ತಾವು ತಪ್ಪು ಮಾಡುವವರಲ್ಲವೆಂದು ಎಲ್ಲರೂ ಹೇಳುತ್ತಾರೆ. ಹಾಗಿದ್ದ ಮೇಲೆ ನನ್ನ ಮಿಕ್ಕ ಹನ್ನೊಂದು ತಿಂಗಳ ಹನ್ನೆರಡು ಹನ್ನೆರಡು ಸಾವಿರಗಳು ಎಲ್ಲೋ ತಮ್ಮ ಬಳಿಯೇ ಇರಬೇಕು. ದಯವಿಟ್ಟು ಕಳಿಸಿಕೊಡಿ, ಅದರ ತೆರಿಗೆ ಮುರಿದುಕೊಂಡೇ ಕಳಿಸಿದರೂ ಬೇಸರವಿಲ್ಲ. ಅದು ಆಗದಿದ್ದರೆ, ತಾವೇ ನಮ್ಮ ಮನೆಗೆ ಬಂದು, ತಮ್ಮ ಭಾರವಾದ ದೇಹವನ್ನು ಆ ಹಳಿಯ ಮೇಲೆ ಕೂರಿಸಿ, ದಿನಕ್ಕೊಮ್ಮೆ ನನ್ನ ಹೆಂಡತಿಯನ್ನು ಮೇಲಕ್ಕೆ ಕರೆದೊಯ್ಯಬೇಕಾಗಿ ಕೋರುತ್ತೇನೆ. ಚಹಾ ಕೊಡುತ್ತೇವೆ.

ತಮ್ಮ ಲೆಕ್ಕದಲ್ಲಿ ಸಿರಿವಂತ, ನಮ್ಮ ಬೀದಿಯಲ್ಲಿ ಟ್ರೆವರ್,
ಎಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಟ್ರೆವರ್ ಓಲ್ಡ್‌ರಾಯ್ಡ್

ಮರೆತ ಮಾತು: ತಮ್ಮ ಕಣ್ಣಿಗೆ ಹೇಗಾದರೂ ಬೀಳಲೆಂದು ಊರಿನ ಪತ್ರಿಕೆಗೆ ಕಳಿಸುವ ಮುನ್ನ ಇದನ್ನು ಗ್ಲೆನಿಸ್‌ಗೆ ಓದಿ ಹೇಳಿದೆ. ಗಲಾಟೆ ಬೇಡವೆನ್ನುತ್ತಾಳೆಂದು ಕಾದಿದ್ದೆ. ಅವಳು ಕನ್ನಡಕ ತೆಗೆದು, "ಹೆಜ್ಜೆಗೊಂದು ಕ್ಷಮಿಸಿ ಅಂತ ಬರ್ದಿದ್ದೀಯಲ್ಲ, ಎಲ್ಲಾ ಹೊಡೆದು ಹಾಕು. ಕ್ಷಮೆ ಕೇಳ್ಬೇಕಾದವರು ನಾವಲ್ಲ," ಎಂದಳು. ಫೋನಿನಲ್ಲಿ ಕೇಳಿದ್ದೊಂದನ್ನು ಬಿಟ್ಟು ನನ್ನವನ್ನೆಲ್ಲ ಹೊಡೆದು ಹಾಕಿದ್ದೇನೆ. ಆ ರಾತ್ರಿ ಅವಳು ಹಳಿಗೆ ಒಂದೇ ಒಂದು ಏಟು ಹಾಕಿದಳು. ಕಿಟಕಿಯ ಗಾಜು ಅದುರಿತು, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ಗಾಬರಿಯಿಂದ ಕೆಳಗೋಡಿ ಬಂದ ನನಗೆ ಅವಳು ಹೇಳಿದ್ದು: "ನೀನು ಹೋಗಿ ಮಲಗು. ಆ ಏಟು ನಿಂಗಲ್ಲ."